ಬೇರೆ ಮಸಿಯಲ್ಲಿ ಬರೆದ ಹೆಸರು

ಅವರನ್ನು ಕರೆತಂದದ್ದು ಹೆಂಡತಿ. ಕಲಬುರಗಿಯ ನನ್ನ ಆಪ್ತಸಲಹೆಯ ಕೋಣೆಗೆ ಗಂಡಸರು ಬರುವುದು ಹೆಚ್ಚಾಗಿ ಹೀಗೆಯೇ. ಹೆಂಡತಿ ಒಳಗೆ ಬಂದು ಕುಳಿತ ಮೇಲೂ ಗಂಡ ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಲೇ ಇರುತ್ತಾನೆ.

"ಇವರಿಗಿ ನಿದ್ದಿ ಇಲ್ರಿ ಮೇಡಂ. ಐತವಾರ ಬಂತಂದ್ರ ಉದಗೀರ, ಇಲ್ಲಂದ್ರ ಜಹೀರಾಬಾದ. ಮಗಳ ಟೆಂತ್ ಪರೀಕ್ಷಿ ಯಾವಾಗ ಅದ ಅಂತ ಕೇಳ್ರಿ, ಗೊತ್ತಿಲ್ಲ. ಮುತ್ತಜ್ಜನ ಅಣ್ಣನ ಹೆಸರು ಕೇಳ್ರಿ, ಹೇಳ್ತಾರ."

ಅವರನ್ನು ಇಲ್ಲಿ ಮಾಸ್ತರ್ ಎನ್ನುತ್ತೇನೆ. ಹೆಸರು, ಕೆಲಸ, ವಯಸ್ಸು, ಊರುಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ, ಅವರ ಸೋದರತ್ತೆಯ ಒಪ್ಪಿಗೆಯೂ ಇದೆ. ಅತ್ತೆಯ ಒಪ್ಪಿಗೆ ಏಕೆ ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ಮಾಸ್ತರ್‌ಗೆ 46. ಮೂಲ ಭಾಲ್ಕಿ ಕಡೆಯ ಒಂದು ಹಳ್ಳಿ, ಒಕ್ಕಲುತನದ ಮನೆ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ತೀರಿಕೊಂಡ ವರ್ಷವೇ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬಂದರು. ಹಳೇ ಮೈಸೂರು ಕಡೆಯ ಓದುಗರಿಗಾಗಿ ಒಂದು ಮಾತು: ಹೆಳವರು ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರು ತಿರುಗುವವರು. ಹಿಂದೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದರು, ಈ ಸಲ ಬಂದವರು ಬೈಕ್ ಮೇಲೆ ಬಂದಿದ್ದರು. ಅಂಗಳದಲ್ಲಿ ಕುಳಿತು ಮೂಲಪುರುಷ ಯಾರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದಿರಿ, ಯಾರಿಗೆ ಯಾರು ಹುಟ್ಟಿದರು ಎಂದೆಲ್ಲ ಓದಿ ಹೇಳುತ್ತಾರೆ. ಹೊಸ ಹೆಸರು ಸೇರಿಸಿಕೊಂಡು, ಕಾಳು, ಬಟ್ಟೆ, ರೊಕ್ಕ ಪಡೆದು ಹೋಗುತ್ತಾರೆ.

ಓದಿಸಿಕೊಂಡು ಸುಮ್ಮನಾಗಿದ್ದರೆ ಆಗುತ್ತಿತ್ತು. ಗಣಿತದ ಮಾಸ್ತರ್, ಹೆಳವರ ಚೋಪಡಿಯನ್ನೇ, ಅಂದರೆ ವಂಶಾವಳಿಯ ಪುಸ್ತಕವನ್ನೇ, ನೋಡುತ್ತೇನೆಂದರು. ಅಜ್ಜನ ಹೆಸರಿನ ಕೆಳಗೆ 'ಗಂಡು ಸಂತಾನ ಇಲ್ಲ' ಎಂದು ಬರೆದಿತ್ತು. ಅದಕ್ಕೆ ಗೆರೆ ಹೊಡೆದು, ಪಕ್ಕದಲ್ಲಿ ಬೇರೆ ಮಸಿಯಲ್ಲಿ ತಂದೆಯ ಹೆಸರು ಸೇರಿಸಿತ್ತು.

"ನಮ್ಮ ಮುತ್ಯಾ ಬರದಿದ್ದು ಸರ್, ನನಗೇನು ಗೊತ್ತು" ಎಂದ ಹೆಳವ ರೊಕ್ಕ ತೆಗೆದುಕೊಂಡು ಎದ್ದ.

ಮಗ ತಡವಾಗಿ ಹುಟ್ಟಿದರೆ ಯಾರೇ ಆದರೂ ಹಾಗೆಯೇ ತಿದ್ದುತ್ತಾರೆ. ಮೊದಲ ಭೇಟಿಯಲ್ಲಿ ನಾನು ಅದನ್ನೇ ಹೇಳಿದೆ. ಮಾಸ್ತರ್ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದರು. ಎಕ್ಸೆಲ್‌ನಲ್ಲಿ 214 ಹೆಸರುಗಳಿದ್ದವು. ತಂದೆ 1945ರಲ್ಲಿ ಹುಟ್ಟಿದ್ದೆಂದು ಶಾಲೆಯ ದಾಖಲೆ ಹೇಳುತ್ತದೆ, ಅದೂ ಜೂನ್ 1. (ನಮ್ಮ ಭಾಗದಲ್ಲಿ ಆ ತಲೆಮಾರಿನವರು ಬಹಳಷ್ಟು ಮಂದಿ ಜೂನ್ 1ಕ್ಕೇ ಹುಟ್ಟಿದವರು. ಶಾಲೆ ಶುರುವಾಗುವ ದಿನ ಹೆಡ್‌ಮಾಸ್ತರ್ ಕೊಟ್ಟ ಜನ್ಮ ಅದು.) ಹೆಳವರ ಚೋಪಡಿಯಲ್ಲಿ ಆ ಪುಟಕ್ಕೆ ಹಾಕಿದ್ದ ವರ್ಷ ಫಸಲಿ 1357. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ನಿಜಾಮರ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದರಿಂದ ಇದು 1947ರ ಅಕ್ಟೋಬರಿನಿಂದ ಮುಂದಿನ ವರ್ಷದ ಸೆಪ್ಟೆಂಬರ್‌ವರೆಗಿನ ಅವಧಿ. ಹುಟ್ಟಿ ಎರಡು ಮೂರು ವರ್ಷವಾದ ಮಗ ಆ ಮನೆಯಲ್ಲಿ ಇದ್ದಿದ್ದರೆ 'ಗಂಡು ಸಂತಾನ ಇಲ್ಲ' ಎಂದು ಯಾಕೆ ಬರೆಯುತ್ತಿದ್ದರು?

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಕಾಗದ ಹುಡುಕಿಕೊಂಡು ಅಲೆದ ದಾರಿಯೇ ಒಂದು ಭೂಗೋಳದ ಪಾಠ. ಹಳೆಯ ಬೀದರ್ ಜಿಲ್ಲೆ 1956ರಲ್ಲಿ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಗೆ ಹೋದವು, ಜಹೀರಾಬಾದ್, ನಾರಾಯಣಖೇಡ ತೆಲುಗು ಸೀಮೆಗೆ. ಒಂದೇ ಮನೆತನದ ಕಾಗದ ಮೂರು ರಾಜ್ಯಗಳ ಕಪಾಟಿನಲ್ಲಿ ಹಂಚಿಹೋಗಿದೆ. ಹೈದರಾಬಾದಿನ ತಾರ್ನಾಕಾದ ಪತ್ರಾಗಾರಕ್ಕೂ ಎರಡು ಸಲ ಹೋಗಿಬಂದಿದ್ದರು. ಹಳೆಯ ಕಂದಾಯ ದಾಖಲೆಗಳು ಉರ್ದುವಿನಲ್ಲಿರುತ್ತವೆ. ಉರ್ದು ಲಿಪಿಯಲ್ಲಿ ಳ ಇಲ್ಲ, ಣ ಇಲ್ಲ, ಊರಿನ ಹೆಸರುಗಳೆಲ್ಲ ಲ ಮತ್ತು ನ ಆಗಿ ಕುಳಿತಿರುತ್ತವೆ. ಮಾಸ್ತರ್ ಇದಕ್ಕೆಂದೇ ಒಬ್ಬ ಹಿರಿಯರ ಬಳಿ ಉರ್ದು ಕಲಿಯಲು ಶುರು ಮಾಡಿದ್ದರು. ನನಗೆ ಮೆಚ್ಚುಗೆಯಾಯಿತು, ಇಲ್ಲವೆನ್ನುವುದಿಲ್ಲ.

ರಾತ್ರಿ ಮಾತ್ರ ಬೇರೆ. ರಾತ್ರಿ ಅವರು ಮೊಬೈಲಿನಲ್ಲಿ 1948 ಓದುತ್ತಿದ್ದರು. ಮೇ ತಿಂಗಳಲ್ಲಿ ಗೋರಟಾದಲ್ಲಿ ನಿಜಾಮರ ಪರದ ಸಶಸ್ತ್ರ ಪಡೆಯಾದ ರಜಾಕಾರರು ಮಾಡಿದ ಕೊಲೆಗಳು. ಸೆಪ್ಟೆಂಬರ್ 13ರಿಂದ 17ರವರೆಗೆ ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ. ಅದರ ಬೆನ್ನಿಗೇ ಮುಸಲ್ಮಾನರ ಮೇಲೆ ನಡೆದ ಹಿಂಸೆ. ಹೆಚ್ಚು ಪೆಟ್ಟು ತಿಂದವೆಂದು, ವಿಚಾರಣೆಗೆ ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇವೆ. ಆ ಒಂದು ವರ್ಷದಲ್ಲಿ ಮೊದಲು ಕೆಲವರು ಮನೆ ಬಿಟ್ಟು ಸೊಲ್ಲಾಪುರದ ಕಡೆ ಓಡಿದರು, ಆಮೇಲೆ ಬೇರೆಯವರು ಹೈದರಾಬಾದಿನ ಕಡೆ ಓಡಿದರು. ದಾರಿಯಲ್ಲಿ ಒಂದು ಕೂಸು ತಪ್ಪಿಹೋಗಿದ್ದರೆ, ಅದು ಯಾವ ಗುಂಪಿನದು?

"ನಾ ಯಾರು ಅಂತ ನಂಗ ಗೊತ್ತಾಗ್ಬೇಕಲ್ರಿ ಮೇಡಂ" ಎಂದರು.

ಬೇರೆಯವರ ಮನೆಯಲ್ಲಿ ಬೆಳೆದ ಮಕ್ಕಳಿಗೆ ಮೂಲ ತಿಳಿಯದೆ ಆಗುವ ಗೊಂದಲಕ್ಕೆ ಎಚ್. ಜೆ. ಸ್ಯಾಂಟ್ಸ್ ಎಂಬ ಮನೋವಿಜ್ಞಾನಿ 1964ರಷ್ಟು ಹಿಂದೆಯೇ ಒಂದು ಹೆಸರು ಕೊಟ್ಟಿದ್ದಾರೆ. ವಂಶದ ದಿಗ್ಭ್ರಮೆ ಎನ್ನಬಹುದು. ಆದರೆ ಹಾಗೆ ಬೆಳೆದವರು ಮಾಸ್ತರ್ ಅಲ್ಲ, ಅವರ ತಂದೆ. ತಂದೆ ಯಾವತ್ತೂ ಕೇಳಿದವರಲ್ಲ. ತಂದೆಯ ಬಗ್ಗೆ ಹೇಳಿ ಎಂದರೆ ಮಾಸ್ತರ್ ದಾಖಲೆಗಳ ಬಗ್ಗೆ ಹೇಳುತ್ತಿದ್ದರು. ಮಣ್ಣಿಗೆ ಕೊಟ್ಟ ದಿನ ಅತ್ತಿರಾ ಎಂದು ಎರಡನೇ ಭೇಟಿಯಲ್ಲಿ ಕೇಳಿದೆ. ಬಂದವರ ಊಟದ ವ್ಯವಸ್ಥೆ ನೋಡುತ್ತಿದ್ದೆ ಎಂದರು.

ಮೂರನೇ ಭೇಟಿಯಲ್ಲಿ ಟ್ಯೂಬಿನ ವಿಷಯ ಹೊರಬಿತ್ತು.

ಆ ಮನೆಯ ಕಥೆ ಗೊತ್ತಿದ್ದ ಒಂದೇ ಜೀವ ಸೋದರತ್ತೆ. 84 ವರ್ಷ, ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. 1948ರಲ್ಲಿ ಅವರಿಗೆ ಏಳೆಂಟು ವರ್ಷ. ಮಾಸ್ತರ್ ಮೊಬೈಲ್ ರೆಕಾರ್ಡರ್ ಹಚ್ಚಿ ಎದುರು ಕುಳಿತು "ಅಪ್ಪ ಈ ಮನ್ಯಾಗೇ ಹುಟ್ಟಿದ್ನೋ ಇಲ್ಲೋ, ಅಷ್ಟ ಹೇಳತ್ತಿ" ಎಂದು ಮೂರು ಸಲ ಕೇಳಿದ್ದರು. ಮೂರು ಸಲವೂ ಅತ್ತೆ ಎದ್ದು ಒಳಗೆ ಹೋಗಿದ್ದರು. ಆಮೇಲೆ ಮಾಸ್ತರ್ ಡಿಎನ್ಎ ಕಿಟ್ ತರಿಸಿ, ಸಕ್ಕರೆ ಕಾಯಿಲೆಯ ಟೆಸ್ಟ್ ಎಂದು ಸುಳ್ಳು ಹೇಳಿ, ಅತ್ತೆಯಿಂದ ಟ್ಯೂಬಿಗೆ ಉಗುಳಿಸಿಕೊಂಡು ಬಂದಿದ್ದರು. ಮೊಮ್ಮಗ ಡಬ್ಬಿಯ ಮೇಲಿನದನ್ನು ಓದಿ ಹೇಳಿದ ಮೇಲೆ ಅತ್ತೆ ಮಾತು ಬಿಟ್ಟರು. ಟ್ಯೂಬು ಮಾತ್ರ ಇನ್ನೂ ಅಂಚೆಗೆ ಬಿದ್ದಿರಲಿಲ್ಲ, ಮಾಸ್ತರ್ ಮನೆಯ ಗೋದ್ರೇಜಿನಲ್ಲಿತ್ತು.

ಆಪ್ತಸಲಹೆಯಲ್ಲಿ ನಾವು 'ಹೀಗೆ ಮಾಡಿ' ಎನ್ನುವುದು ಕಡಿಮೆ. ಅವತ್ತು ಎಂದೆ. ಟ್ಯೂಬು ಕಳಿಸಬೇಡಿ. ಅದು ನಿಮ್ಮದಲ್ಲ.

ಪರೀಕ್ಷೆ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನೂ ಅವರ ಮುಂದಿಟ್ಟೆ. ರಕ್ತಸಂಬಂಧದ ಸೋದರತ್ತೆ ಮತ್ತು ಅಳಿಯನ ನಡುವೆ ಸುಮಾರು 25% ಡಿಎನ್ಎ ಹೊಂದಬೇಕು. ಹೊಂದಿದರೆ ಹೌದು, ಇಲ್ಲದಿದ್ದರೆ ಇಲ್ಲ, ಅತ್ತೆಯ ಟ್ಯೂಬು ಹೇಳುವುದು ಇಷ್ಟೇ. ನಿಮ್ಮದೇ ಉಗುಳು ಕಳಿಸಿದರೆ, ಆ ಕಂಪನಿಯ ಪಟ್ಟಿಯಲ್ಲಿ ಈಗಾಗಲೇ ಇರುವ ನೆಂಟರು ಮಾತ್ರ ಸಿಗುತ್ತಾರೆ. ಬೀದರಿನ ಹಳ್ಳಿಗಳಿಂದ ಎಷ್ಟು ಜನ ಕಿಟ್ ತರಿಸಿರುತ್ತಾರೆ? ಯಾವ ಊರು, ಯಾವ ಧರ್ಮ ಎಂದು ಯಾವ ಟ್ಯೂಬೂ ಹೇಳುವುದಿಲ್ಲ. ಈ ಸೀಮೆಯ ಹಿಂದೂ ಮುಸಲ್ಮಾನರ ಹಿರಿಯರು ಬಹಳಷ್ಟು ಮಂದಿ ಇದೇ ನೆಲದವರು.

ಹೊಲದ ಹಕ್ಕಿನ ಭಯವೂ ಅವರಿಗಿತ್ತು, ದಾಯಾದಿಗಳಿಗೆ ಗೊತ್ತಾದರೆ ಎಂದು. ಅದಕ್ಕೆ ವಕೀಲರ ಬಳಿ ಕಳಿಸಿದೆ. ಒಂದೇ ಭೇಟಿಯಲ್ಲಿ ಆ ಭಯ ಮುಗಿಯಿತು.

ನಿದ್ದೆಯ ವಿಷಯಕ್ಕೆ ಸಣ್ಣ ಕರಾರು ಮಾಡಿಕೊಂಡೆವು: ರಾತ್ರಿ ಒಂಬತ್ತರ ನಂತರ 1948 ಇಲ್ಲ, ಹುಡುಕಾಟಕ್ಕೆ ತಿಂಗಳಿಗೆ ಒಂದು ಐತವಾರ. ಮೊದಲ ತಿಂಗಳು ಎರಡನ್ನೂ ಮುರಿದರು. ಎರಡನೇ ತಿಂಗಳು ಹೆಂಡತಿಯೇ ಕಾವಲು ಕುಳಿತರು.

ಕಷ್ಟದ ಕೆಲಸ ಕ್ಷಮೆ ಕೇಳುವುದಾಗಿತ್ತು. "ತಪ್ಪಾಯ್ತು, ಆದ್ರ ನಂಗ ಗೊತ್ತಾಗ್ಬೇಕಿತ್ತು" ಎಂದು ಅಭ್ಯಾಸ ಮಾಡಿಕೊಂಡು ಬಂದರು. 'ಆದ್ರ' ತೆಗೆಯಿರಿ ಎಂದೆ. ಸುಳ್ಳು ಹೇಳಿದೆ ಎಂಬುದನ್ನು ಸುಳ್ಳು ಎಂದೇ ಹೇಳಿ, ಟ್ಯೂಬು ವಾಪಸ್ ಕೊಡಿ, ಅವತ್ತು ಬೇರೇನೂ ಕೇಳಬೇಡಿ. ಅವರು ಹಾಗೇ ಮಾಡಿದರು. ಟ್ಯೂಬು ಕೈಗೆ ತೆಗೆದುಕೊಂಡ ಅತ್ತೆ ಆಡಿದ ಮಾತನ್ನು ಮಾಸ್ತರ್ ನನಗೆ ಬಂದು ಹೇಳಿದರು:

"ಇದು ಕಳ್ಸಿ ಏನ್ ತರಿಸಾಂವ ಇದ್ದಿ? ಅವಾ ನನ್ನ ತಮ್ಮ ಅಲ್ಲ ಅಂತ ಕಾಗದ ತರಿಸಾಂವ ಏನು?"

ಅಲ್ಲಿಯವರೆಗೆ ನಾನೂ ಅತ್ತೆಯನ್ನು ಗುಟ್ಟು ಕಾಯುವ ಮುದುಕಿ ಎಂದೇ ತಿಳಿದಿದ್ದೆ. ಆಕೆ ತಮ್ಮನನ್ನು ಕಾಯುತ್ತಿದ್ದಳು. ಮಾಸ್ತರ್ ತಂದೆಗೊಬ್ಬ ತಂದೆಯನ್ನು ಹುಡುಕಲು ಹೊರಟಿದ್ದರು, ಅದು ಸಿಕ್ಕರೆ ಅತ್ತೆಗೆ ತಮ್ಮ ಇಲ್ಲವಾಗುತ್ತಿದ್ದ. ಆಕೆಗೆ ಎರಡು ವರ್ಷದ ಹಿಂದೆ ಅವನು ಒಮ್ಮೆ ಸತ್ತಾಗಿತ್ತು.

ಮಾತು ಅಲ್ಲಿಂದ ಬೇರೆ ಕಡೆ ಹೊರಳಿತು. ತಮ್ಮ ಇದ್ದಷ್ಟು ವರ್ಷ ಅತ್ತೆಗೆ ಏನು ಮಾಡುತ್ತಿದ್ದ ಎಂದು ಕೇಳಿದೆ. ಪಂಚಮಿಗೆ ಕರೆಯಲು ಹೋಗುತ್ತಿದ್ದ ಎಂದರು ಮಾಸ್ತರ್. ಮೊದಲು ಬಂಡಿ, ಆಮೇಲೆ ಬಸ್ಸು, ಕೊನೆಗೆ ಬಾಡಿಗೆ ಜೀಪು. 78ರ ಮುದುಕ 82ರ ಅಕ್ಕನನ್ನು ತವರಿಗೆ ಕರೆತರುತ್ತಿದ್ದ. ಈ ಎರಡು ಪಂಚಮಿ ಯಾರು ಹೋದರು?

ಯಾರೂ ಹೋಗಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಮಾಸ್ತರ್‌ಗೆ ಅಳು ಬಂತು. ಒಂಬತ್ತು ಭೇಟಿಗಳಲ್ಲಿ ಅತ್ತದ್ದು ಅದೊಂದೇ ಸಲ. ಮುಕ್ಕಾಲು ಗಂಟೆ ಅತ್ತರು.

ಶ್ರಾವಣದಲ್ಲಿ ಹೋಗಿ ಕರೆತಂದರು. ರೆಕಾರ್ಡರ್ ಬೇಡ, ಹೌದು–ಅಲ್ಲ ಎಂದು ಉತ್ತರಿಸಬೇಕಾದ ಪ್ರಶ್ನೆ ಬೇಡ, 'ಎಲ್ಲಿಂದ' ಎಂಬ ಪದವೇ ಬೇಡ ಎಂದು ಹೇಳಿ ಕಳಿಸಿದ್ದೆ. ಕೇಳುವುದಾದರೆ ಅಪ್ಪ ಸಣ್ಣವನಿದ್ದಾಗ ಹೇಗಿದ್ದ ಎಂದು ಕೇಳಿ. ನಾಲ್ಕನೇ ದಿನ ಎಳೆ ಹೆಸರುಕಾಯಿ ಸುಲಿಯುತ್ತಾ ಕುಳಿತಾಗ ಅತ್ತೆ ತಾವಾಗಿ ಶುರು ಮಾಡಿದರು. ಮಾಸ್ತರ್ ಮಗಳೂ ಅಲ್ಲೇ ಇದ್ದಳು.

"ಹಿಂಗೇ ಹೆಸರು ಬಿಡಸೋ ದಿನ. ಅಪ್ಪ ಹೊಲದಿಂದ ಬಂದ, ಹೆಗಲ ಮ್ಯಾಲ ಕೂಸಿತ್ತು. ಅವ್ವ ಏನೂ ಕೇಳಲಿಲ್ಲ, ನೀರು ಕಾಸಿದ್ಳು. ಅದು ಅಳಲಿಲ್ಲ. ನನ್ನ ಕಡಿ ನೋಡಿ ಪಾಣಿ ಅಂತು. ನಾ ಕುಡಿಸಿದೆ. ಆವತ್ತ ರಾತ್ರಿ ನನ್ನ ಸೆರಗು ಹಿಡ್ಕೊಂಡು ಮಲಗ್ತು. ಸೆರಗೆಲ್ಲಿ ಬಂತು, ಪರಕರ ನಂದು."

ಇಷ್ಟು ಹೇಳಿ ನಕ್ಕರಂತೆ.

ಮುಂದಿನ ಭೇಟಿಗೆ ಮಾಸ್ತರ್ ಬಂದಾಗ ಅವರ ಕಣ್ಣಲ್ಲಿ ಹಳೆಯ ಬೆಂಕಿ. ಪಾಣಿ! ಣ ಆದರೆ ಮರಾಠಿ ಮನೆ, ನ ಆದರೆ ದಖನಿ (ಈ ಕಡೆಯ ಉರ್ದು) ಮನೆ. ಹೆಸರು ಬಿಡಿಸುವುದೆಂದರೆ ಆಗಸ್ಟ್ ಕೊನೆಯೂ ಇರಬಹುದು, ಸೆಪ್ಟೆಂಬರ್ ಮೂರನೇ ವಾರವೂ ಇರಬಹುದು, ಆ ನಡುವೆಯೇ ರಾಜ್ಯ ಬದಲಾಗಿತ್ತು. ನಾನು ಅವರನ್ನು ತಡೆಯಬೇಕಿತ್ತು. ತಡೆಯಲಿಲ್ಲ. "ಅತ್ತೆ ಹೇಳುವಾಗ ಣ ಅಂದರಾ, ನ ಅಂದರಾ?" ಎಂದು ನಾನೇ ಕೇಳಿಬಿಟ್ಟೆ. ಕೇಳಿದ ಕ್ಷಣ ನನಗೇ ನಾಚಿಕೆಯಾಯಿತು. ಲಂಬಾಣಿಯಲ್ಲೂ ನೀರಿಗೆ ಪಾಣಿ ಎನ್ನುತ್ತಾರೆ ಎಂಬುದು ಆಮೇಲೆ ನೆನಪಾಯಿತು. ಮೇಲಾಗಿ ಮೂರು ವರ್ಷದ ಮಗುವಿನ ನಾಲಿಗೆ, ಎಪ್ಪತ್ತೇಳು ವರ್ಷದ ನಂತರ ಕನ್ನಡದ ಮುದುಕಿಯ ಬಾಯಲ್ಲಿ.

ಮಾಸ್ತರ್ ಅದನ್ನು ಫೋನಿನಲ್ಲಿ ಅತ್ತೆಯನ್ನು ಕೇಳಿಯೇ ಬಿಟ್ಟಿದ್ದರಂತೆ. ಉತ್ತರ ಬಂದಿತ್ತು: "ಅದಕ್ಕ ನೀರಡಿಕಿ ಆಗಿತ್ತಪ."

ಕಣ್ಮರೆಯಾದವರ ಕುಟುಂಬಗಳ ಜೊತೆ ಕೆಲಸ ಮಾಡಿದ ಪಾಲಿನ್ ಬಾಸ್, ಇಂಥ ನಷ್ಟಕ್ಕೆ ಮುಕ್ತಾಯ ಹುಡುಕಬೇಡಿ, ಗೊತ್ತಿಲ್ಲದಿರುವುದರ ಜೊತೆ ಬಾಳುವ ಶಕ್ತಿ ಬೆಳೆಸಿ ಎನ್ನುತ್ತಾರೆ. ಅದನ್ನು ಮಾಸ್ತರ್‌ಗೆ ಹೇಳಿದೆ. ತಲೆ ಅಲ್ಲಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ. ಆದರೆ ಮಗಳು ಪ್ರಾಜೆಕ್ಟ್ ಶೀಟಿನ ಮೇಲೆ ಮನೆಯ ನಕ್ಷೆ ಬರೆದು ಕೊಟ್ಟಿದ್ದಳು. ನಾವು ಜಿನೋಗ್ರಾಮ್ ಎನ್ನುತ್ತೇವಲ್ಲ, ಯಾರಿಗೆ ಯಾರು ಹುಟ್ಟಿದರು ಎಂಬುದಲ್ಲದೆ ಯಾರಿಗೆ ಯಾರು ಹತ್ತಿರ ಎಂಬುದನ್ನೂ ತೋರಿಸುವ ನಕ್ಷೆ, ಅಂಥದ್ದು. ನಾನು ಕೊಟ್ಟ ಮಾದರಿಯಲ್ಲಿ ಬರೆದಿದ್ದಳು. ತಾತನಿಂದ ಮೇಲಕ್ಕೆ ಎರಡು ಗೆರೆ: ಒಂದು ಹೆಳವರ ಚೋಪಡಿಯ ಮನೆಗೆ, ಇನ್ನೊಂದು ಚುಕ್ಕಿ ಚುಕ್ಕಿಯಾಗಿ ಖಾಲಿ ಜಾಗಕ್ಕೆ. ಅತ್ತಜ್ಜಿಗೂ ತಾತನಿಗೂ ನಡುವೆ ಮೂರು ದಪ್ಪ ಗೆರೆ. ಮಕ್ಕಳಿಗೆ ಇದನ್ನೆಲ್ಲ ಹೇಳಬೇಕೇ ಎಂದು ಮಾಸ್ತರ್ ಮೊದಲ ಭೇಟಿಯಲ್ಲೇ ಕೇಳಿದ್ದರು. ಬಚ್ಚಿಡಬೇಡಿ, ಗೊತ್ತಿದ್ದಷ್ಟು ಹೇಳಿ, ಊಹೆಯನ್ನು ಊಹೆ ಎಂದೇ ಹೇಳಿ ಎಂದಿದ್ದೆ. ಅತ್ತೆ ಆ ಕೆಲಸವನ್ನು ಹೆಸರುಕಾಯಿ ಸುಲಿಯುತ್ತಲೇ ಮುಗಿಸಿದ್ದರು.

ಮಾಸ್ತರ್ ಈಗಲೂ ಹುಡುಕುತ್ತಾರೆ. ಉರ್ದು ಪಾಠ ಮುಂದುವರಿದಿದೆ, ಖಾಸ್ರಾ ಪಹಣಿ ತಾವೇ ಓದುವಷ್ಟು ಬಂದಿದೆ. ನಿದ್ದೆ ರಾತ್ರಿ ಆರು ತಾಸು ಬರುತ್ತದೆ ಎಂದು ಹೆಂಡತಿ ಫೋನ್ ಮಾಡಿದ್ದರು. ತಮ್ಮದೇ ಉಗುಳು ಕಳಿಸುವುದೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ, ಅದು ಅವರಿಗೆ ಬಿಟ್ಟದ್ದು. ಅತ್ತೆ ಟ್ಯೂಬನ್ನು ಚೆಲ್ಲಿಲ್ಲ. ತವರಿನಿಂದ ಕೊಟ್ಟ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ. ಬೀಗದ ಕೈ ಅವರ ಸೊಂಟದಲ್ಲಿದೆ.