ದಾಟಿಸಿದವರು ಯಾರು?

ಪ್ರಿಯ ಲೇಖಕರೇ,

ಐರ್ಲೆಂಡಿನ ಮನೆಮದ್ದುಗಳ ಕುರಿತ ನಿಮ್ಮ ಲೇಖನ ಓದಿದೆ. ವಿಷಯ ಹೊಸದು, ಶ್ರಮಪಟ್ಟಿದ್ದೀರಿ, ಕಾಗುಣಿತದ ತಪ್ಪುಗಳಿಲ್ಲ. ಆದರೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟೇ ಬಂತು. ಕಾರಣ, ಸಾಲುಸಾಲಿಗೂ ಬರುವ ನಿಮ್ಮ ‘ಲಾಗುತ್ತಿತ್ತು’.

‘ನಾಯಿಕೆಮ್ಮಿಗೆ ಮಗುವನ್ನು ಕತ್ತೆಯ ಹೊಟ್ಟೆಯಡಿ ಮೂರು ಸಲ ದಾಟಿಸಲಾಗುತ್ತಿತ್ತು’ ಎಂದಿದ್ದೀರಿ. ದಾಟಿಸಿದವರು ಯಾರು? ಕತ್ತೆಯ ಆಚೆಗೊಬ್ಬರು, ಈಚೆಗೊಬ್ಬರು ನಿಲ್ಲುತ್ತಿದ್ದರು. ಒಬ್ಬರು ಕೆಮ್ಮುವ ಕೂಸನ್ನು ಹೊಟ್ಟೆಯಡಿಯಿಂದ ಚಾಚಿದರೆ, ಇನ್ನೊಬ್ಬರು ಎತ್ತಿಕೊಂಡು ಬೆನ್ನ ಮೇಲಿಂದ ಹಿಂದಿರುಗಿಸುತ್ತಿದ್ದರು. ಕೆಲವೆಡೆ ಕತ್ತೆಗೆ ರೊಟ್ಟಿ ತಿನ್ನಿಸಿ, ಅದರ ಬಾಯಿಂದ ಉದುರಿದ ಚೂರನ್ನು ಮಗುವಿಗೆ ಕೊಡುತ್ತಿದ್ದರು. ಆ ನಾಲ್ಕು ಕೈಗಳನ್ನು ನಿಮ್ಮ ವಾಕ್ಯ ಅಳಿಸಿಹಾಕಿದೆ.

ಮುಂದಿನ ಸಾಲು: ‘ನರುಲಿಗೆ ಬಸವನಹುಳುವನ್ನು ಉಜ್ಜಲಾಗುತ್ತಿತ್ತು.’ ಅಷ್ಟಕ್ಕೇ ನಿಲ್ಲಿಸಿದ್ದೀರಿ. ಉಜ್ಜಿದ ಹುಳುವನ್ನು ಮುಳ್ಳಿಗೆ ಚುಚ್ಚಿಡುತ್ತಿದ್ದರಲ್ಲ! ಅದು ಒಣಗಿದ ಹಾಗೆ ನರುಲಿಯೂ ಒಣಗುತ್ತದೆ ಎಂಬುದೇ ಆ ಮದ್ದಿನ ತರ್ಕ. ಮುಳ್ಳನ್ನು ಬಿಟ್ಟ ಮೇಲೆ ಓದುಗನಿಗೆ ಉಳಿಯುವುದು ಬರೀ ಅಸಹ್ಯ.

ಅದರ ಬೆನ್ನಿಗೇ ‘ಇಂಥ ಮೂಢನಂಬಿಕೆಗಳು’ ಎಂದು ತೀರ್ಪು ಬೇರೆ. ಕತ್ತೆಯಿಂದ ಕೆಮ್ಮು ವಾಸಿಯಾಗುತ್ತಿತ್ತೆಂದು ನಾನೂ ಹೇಳುವುದಿಲ್ಲ. ಆದರೆ ಲಸಿಕೆ ಇಲ್ಲದ, ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ, ರಾತ್ರಿಯಿಡೀ ಮಗು ಉಸಿರಿಗೆ ಒದ್ದಾಡಿ ನೀಲಿಗಟ್ಟುವುದನ್ನು ಕಂಡ ತಾಯಿ ಬೆಳಗ್ಗೆ ಎದ್ದು ನೆರೆಮನೆಯ ಕತ್ತೆಯನ್ನು ಹುಡುಕಿಕೊಂಡು ಹೋಗಿರಬೇಕು. ಅವಳು ನಿಮ್ಮ ಲೇಖನದಲ್ಲಿ ಎಲ್ಲಿದ್ದಾಳೆ?

ನಾನು ಪತ್ರಿಕೆಗೆ ಸೇರಿದ ಮೊದಲ ವರ್ಷ ಜಾತ್ರೆಯೊಂದರ ವರದಿಯಲ್ಲಿ ‘ತೇರನ್ನು ಎಳೆಯಲಾಯಿತು’ ಎಂದು ಬರೆದಿದ್ದೆ. ಹಿರಿಯ ಉಪಸಂಪಾದಕರು ಕೆಂಪು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು, ‘ಯಾರು?’ ಎಂದಷ್ಟೇ ಬರೆದು ಹಿಂದಿರುಗಿಸಿದರು. ನನಗೆ ಗೊತ್ತಿರಲಿಲ್ಲ. ಮರುದಿನ ಬಸ್ಸು ಹತ್ತಿ ಮತ್ತೆ ಆ ಊರಿಗೆ ಹೋದೆ. ಹಗ್ಗ ಹಿಡಿದವರ ಅಂಗೈಯ ಬೊಬ್ಬೆಗಳನ್ನು ನೋಡಿದ್ದು ಆಗಲೇ.

ನೀವು ಐರ್ಲೆಂಡಿಗೆ ಹೋಗಬೇಕಾಗಿಲ್ಲ. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗದ ಯೋಜನೆಯಂತೆ ಪ್ರಾಥಮಿಕ ಶಾಲೆಯ ಮಕ್ಕಳು ಮನೆಯ, ನೆರೆಹೊರೆಯ ಹಿರಿಯರನ್ನು ಕೇಳಿ ಇಂಥ ಮದ್ದುಗಳನ್ನು ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟರು. ಆ ಸಂಗ್ರಹದ ಪುಟಗಳು ಕೈಬರಹದಲ್ಲೇ ಅಂತರಜಾಲದಲ್ಲಿವೆ. ಯಾರಿಂದ ಕೇಳಿದ್ದು, ಅವರ ಊರು ಯಾವುದು, ವಯಸ್ಸೆಷ್ಟು ಎಂಬುದನ್ನೂ ಎಷ್ಟೋ ಮಕ್ಕಳು ಕೆಳಗೆ ದಾಖಲಿಸಿದ್ದಾರೆ. ಅವನ್ನು ಓದಿ, ಕತ್ತೆಯ ಪ್ಯಾರಾವೊಂದನ್ನು ಮತ್ತೆ ಬರೆದು ಕಳುಹಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

ನಿಮ್ಮ,
ಸಂಪಾದಕ