ಓದುಗರ ಪ್ರಶ್ನೆ: ಹಳೇ ವಿ8 ಕೂಪೆ ತಗೊಳ್ಳೋದಾ, ಹೊಸ ಹಗುರ ಕೂಪೆನಾ?

ಪ್ರಶ್ನೆ: ಸರ್, ಕಾಲೇಜ್ ದಿನದಿಂದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರ್ ಇಟ್ಕೋಬೇಕು ಅನ್ನೋ ಆಸೆ, ಈಗ ದುಡ್ಡು ಕೂಡಿಬಂದಿದೆ. ನನ್ನ ಬಜೆಟ್‌ಗೆ ಎರಡು ಕಾರು ಸಿಗ್ತಿವೆ, ಒಂದು ಬಿಎಂಡಬ್ಲ್ಯೂ ಎಂ3 ಕೂಪೆ, ಇ92 ತಲೆಮಾರಿಂದು, 4 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್, ಇನ್ನೊಂದು ಹೆಚ್ಚುಕಮ್ಮಿ ಹೊಸದೇ ಅನ್ನಬಹುದಾದ ಟೊಯೋಟ ಜಿಆರ್86. ಎರಡನ್ನೂ ಓಡಿಸಿ ನೋಡಿದೆ, ಎಂ3 ಸೌಂಡ್ ಇನ್ನೂ ಕಿವಿಯಲ್ಲಿದೆ. ಆದ್ರೆ ಮನೆಗೆ ಇದೊಂದೇ ಕಾರು, ಆಫೀಸಿಗೆ ಹೋಗಿಬರೋಕೆ ದಿನಾ 40 ಕಿಮೀ, ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕ್‌ಗೂ ಹೋಗ್ಬೇಕು ಅಂತಿದೀನಿ. ಫ್ರೆಂಡ್ಸ್ ಎಲ್ಲಾ "ಅದೇ ದುಡ್ಡಿಗೆ 420 ಹಾರ್ಸ್‌ಪವರ್ ಸಿಗೋವಾಗ 230ಕ್ಕೆ ಯಾಕೆ ಹೋಗ್ತೀಯ" ಅಂತಾರೆ. ಏನು ಮಾಡ್ಲಿ?

ಉತ್ತರ: ಆ ಸೌಂಡ್ ಮರೆಯೋದು ಕಷ್ಟ, ಒಪ್ತೀನಿ. ಟರ್ಬೋ ಇಲ್ಲದೆ 8,400 ಆರ್‌ಪಿಎಂವರೆಗೆ ಏರೋ ವಿ8 ಎಂ3ಗೆ ಬಂದಿದ್ದು ಆ ಒಂದು ತಲೆಮಾರಿನಲ್ಲಿ, 2014ರಲ್ಲಿ ಬಂದ ಮುಂದಿನ ಕಾರಿಗೆ ಟರ್ಬೋ ಸಿಕ್ಸ್ ಸಿಲಿಂಡರ್ ಹಾಕಿದ್ರು. ಹಾಗಾಗಿ ನಿಮ್ಮ ಫ್ರೆಂಡ್ಸ್ ಹೇಳೋದ್ರಲ್ಲಿ ತಪ್ಪಿಲ್ಲ, ಆದ್ರೆ ಅವ್ರು ಹೇಳ್ತಿರೋದು ಕೊಳ್ಳೋ ದಿನದ ಲೆಕ್ಕ ಮಾತ್ರ. "ಅದೇ ದುಡ್ಡು" ಅನ್ನೋದು ಆ ಒಂದು ದಿನಕ್ಕೆ ಮಾತ್ರ ನಿಜ. ಕಾರು ಹಳೇದಾದ ಹಾಗೆ ಅದರ ಬೆಲೆ ಇಳಿಯುತ್ತೆ, ಪಾರ್ಟ್ಸ್ ಬೆಲೆ ಇಳಿಯಲ್ಲ, ಬಿಚ್ಚಿ ಜೋಡಿಸೋ ಕೂಲಿನೂ ಇಳಿಯಲ್ಲ, ಅಂದ್ರೆ ನೀವು ಈಗ ಕಮ್ಮಿ ದುಡ್ಡಿಗೆ ತಗೊಂಡ ಎಂ3 ರಿಪೇರಿಗೆ ನಿಂತಾಗ ಅದು ಹೊಸದಿದ್ದಾಗ ಎಷ್ಟು ದುಬಾರಿ ಕಾರೋ ಅಷ್ಟೇ ದುಬಾರಿ ಕಾರು.

ಮೊದ್ಲು ಪರ್ಫಾರ್ಮೆನ್ಸ್ ವಿಷಯ ನೋಡೋಣ. ಮ್ಯಾನುಯಲ್ ಎಂ3 ಸೊನ್ನೆಯಿಂದ 100ಕ್ಕೆ 5 ಸೆಕೆಂಡ್ ಒಳಗೆ ಹೋಗುತ್ತೆ, ಮ್ಯಾನುಯಲ್ ಜಿಆರ್86 ಆರು ಚಿಲ್ರೆ ಸೆಕೆಂಡ್ ತಗೊಳ್ಳುತ್ತೆ. ಈ ವ್ಯತ್ಯಾಸ ಓಡಿಸೋವಾಗ ಚೆನ್ನಾಗೇ ಗೊತ್ತಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಗೇರ್ ಲೆಕ್ಕ ಹಾಕಿ ನೋಡಿ, ಎರಡನೇ ಗೇರ್ ಪೂರ್ತಿ ಎಳೆಯೋಷ್ಟರಲ್ಲಿ ಜಿಆರ್86 100ರ ಹತ್ರ ಇರುತ್ತೆ, ಎಂ3 110 ದಾಟಿರುತ್ತೆ, ಇನ್ನೂ ನಾಲ್ಕು ಗೇರ್ ಬಾಕಿ. ಮಾಮೂಲಿ ರಸ್ತೆಯಲ್ಲಿ ಎಂ3 ಎಂಜಿನ್‌ನ ಆರ್‌ಪಿಎಂನಲ್ಲಿ ಮೇಲಿನ ಅರ್ಧ ಕೆಲ್ಸಕ್ಕೇ ಬರಲ್ಲ, ಬಂದ್ರೂ ಎರಡು ಮೂರು ಸೆಕೆಂಡ್ ಅಷ್ಟೇ. ಜಿಆರ್86ನ ನೀವು ರಸ್ತೆಯಲ್ಲೇ ಪೂರ್ತಿ ಹಿಂಡಬಹುದು, ಗೇರ್ ಹಾಕೋ ಖುಷಿ, ತಿರುವಿನಲ್ಲಿ ಮುಂದಿನ ಚಕ್ರ ಕೈಗೆ ಮಾತಾಡೋ ಖುಷಿ ಎಲ್ಲಾ ಕಮ್ಮಿ ಸ್ಪೀಡಲ್ಲೇ ಸಿಗುತ್ತೆ. ನನ್ನ ಪ್ರಕಾರ ಬಳಸೋಕೆ ಆಗೋ ಪವರ್ರೇ ಪರ್ಫಾರ್ಮೆನ್ಸ್, ಉಳಿದಿದ್ದಕ್ಕೆ ಸುಮ್ನೆ ದುಡ್ಡು ಕಟ್ತಿರ್ತೀವಿ.

ಖರ್ಚಿನ ಬೇರು ಇರೋದು ತೂಕದಲ್ಲಿ. ಇದನ್ನ ಯಾರೂ ಕೇಳಲ್ಲ, ಎಲ್ರೂ ಮೈಲೇಜ್ ಕೇಳ್ತಾರೆ. ಎಂ3 ಸುಮಾರು 1,600 ಕೆಜಿ, ಜಿಆರ್86 1,300ಕ್ಕೂ ಸ್ವಲ್ಪ ಕಮ್ಮಿ. ಟ್ರ್ಯಾಕ್‌ನ ಒಂದೇ ನೇರದ ಕೊನೆಗೆ ಎಂ3 200ರಲ್ಲಿ ಬರುತ್ತೆ, ಜಿಆರ್86 180ರಲ್ಲಿ ಬರುತ್ತೆ ಅಂತ ಇಟ್ಕೊಳ್ಳಿ. ಓಡೋ ಕಾರಿನಲ್ಲಿರೋ ಶಕ್ತಿ ಸ್ಪೀಡಿನ ವರ್ಗಕ್ಕೆ ತಕ್ಕ ಹಾಗೆ ಏರೋದ್ರಿಂದ, ತೂಕದ್ದೂ ಸೇರಿಸಿದ್ರೆ ಎಂ3 ಬ್ರೇಕ್ ಸುಮಾರು ಒಂದೂವರೆ ಪಟ್ಟು ಬಿಸಿಯನ್ನ ನುಂಗಬೇಕು, ಅದೂ ಪ್ರತಿ ಲ್ಯಾಪಿನ ಪ್ರತಿ ದೊಡ್ಡ ತಿರುವಿಗೆ. ಅದಕ್ಕೇ ಅದರ ಮುಂದಿನ ಡಿಸ್ಕ್ 360 ಎಂಎಂ, ಜಿಆರ್86ದು 300. ದೊಡ್ಡ ಡಿಸ್ಕು, ದೊಡ್ಡ ಪ್ಯಾಡು, ಬದಲಾಯಿಸೋವಾಗ ದೊಡ್ಡ ಬಿಲ್ಲು. ಟೈರ್ ಕಥೆನೂ ಅದೇ. ಎಂ3ಗೆ ಮುಂದೆ 245, ಹಿಂದೆ 265 ಎಂಎಂ ಅಗಲ, ಹಿಂದಿನದು ಬೇಗ ಸವೆಯುತ್ತೆ, ಮುಂದಕ್ಕೆ ಹಾಕಿ ಸರಿದೂಗಿಸೋಣ ಅಂದ್ರೆ ಅಳತೆನೇ ಬೇರೆ. ಜಿಆರ್86ಗೆ ನಾಲ್ಕೂ ಕಡೆ ಒಂದೇ 215, ಹಿಂದೆ ಮುಂದೆ ಮಾಡ್ಕೊಂಡು ನಾಲ್ಕನ್ನೂ ಸಮವಾಗಿ ಸವೆಸಬಹುದು. ಆಯಿಲ್ ಅಂತೂ ಎಂ3ಗೆ ಒಂದ್ಸಲಕ್ಕೆ ಸುಮಾರು 9 ಲೀಟರ್ ಬೇಕು, ಅದೂ 10ಡಬ್ಲ್ಯೂ-60 ಅನ್ನೋ ಗಟ್ಟಿ ದರ್ಜೆಯದು, ಟೊಯೋಟಗೆ ಸುಮಾರು 5 ಲೀಟರ್ ಸಾಕು.

ಮೈಲೇಜ್ ಲೆಕ್ಕ ಬೇಗ ಮುಗಿಯುತ್ತೆ, ನಿಮ್ಮ ಆಫೀಸ್ ಓಡಾಟವೇ ವರ್ಷಕ್ಕೆ 10,000 ಕಿಮೀ ಆಗುತ್ತೆ, 100 ಕಿಮೀಗೆ 4 ಲೀಟರ್ ವ್ಯತ್ಯಾಸ ಹಿಡಿದ್ರೆ 400 ಲೀಟರ್ ಪೆಟ್ರೋಲ್ ಜಾಸ್ತಿ. ಇದು ಮೊದಲೇ ಗೊತ್ತಿರೋ ಖರ್ಚು, ಹಾಗಾಗಿ ತಡ್ಕೋಬಹುದು. ಮನೆ ಲೆಕ್ಕವನ್ನ ತಲೆಕೆಳಗೆ ಮಾಡೋದು ಹೇಳದೇ ಕೇಳದೇ ಬರೋ ಖರ್ಚು.

ಆ ವಿ8ಗೆ ಹೆಸರಾದ ಕಾಯಿಲೆ ಅಂದ್ರೆ ಕನೆಕ್ಟಿಂಗ್ ರಾಡ್ ಬೇರಿಂಗ್, ಅಂದ್ರೆ ಪಿಸ್ಟನ್‌ನ ರಾಡ್ ಕ್ರ್ಯಾಂಕ್ ಶಾಫ್ಟ್‌ಗೆ ಸೇರೋ ಜಾಗದ ಬೇರಿಂಗ್, ಸವೆಯೋದು. ಪೂರ್ತಿ ಹಾಳಾದ್ರೆ ಕ್ರ್ಯಾಂಕ್ ಶಾಫ್ಟ್ ಕೆಡುತ್ತೆ, ಆಮೇಲೆ ಎಂಜಿನ್ನೇ ಹೋಯ್ತು ಅಂತ ತಿಳ್ಕೊಳ್ಳಿ. ಅದಕ್ಕೇ ತುಂಬಾ ಓನರ್‌ಗಳು ಶಬ್ದ ಬರೋ ಮುಂಚೆನೇ ಬದಲಾಯಿಸಿಬಿಡ್ತಾರೆ. ಬೇರಿಂಗ್‌ಗೆ ಅಂಥ ದೊಡ್ಡ ಬೆಲೆ ಇಲ್ಲ, ಕೆಳಗಿಂದ ಸಬ್‌ಫ್ರೇಮ್ (ಕೆಳಗಿನ ಚೌಕಟ್ಟು) ಇಳಿಸಿ ಸಂಪ್ (ಆಯಿಲ್ ತೊಟ್ಟಿ) ಬಿಚ್ಚೋ ಕೂಲಿನೇ ದೊಡ್ಡದು. ಅದ್ರ ಜೊತೆ ಥ್ರಾಟಲ್ ಆಕ್ಚುಯೇಟರ್ (ಎಂಜಿನ್‌ಗೆ ಗಾಳಿ ಬಿಡೋ ಬಾಗಿಲು ತೆರೆಯೋ ಮೋಟರ್), ಎರಡಿವೆ, ಅವೂ ಕೈಕೊಡ್ತವೆ. ನೀವು ನೋಡಿರೋ ಕಾರಿನಲ್ಲಿ ಇವು ಆಗಿವೆಯಾ, ಆಗಿದ್ರೆ ಬಿಲ್ ಇದೆಯಾ? ಬಾಯಿಮಾತಲ್ಲಿ "ಆಗಿದೆ" ಅಂದ್ರೆ ಆಗಿಲ್ಲ ಅಂತಲೇ ಲೆಕ್ಕ ಹಾಕಿ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಒಮ್ಮೆ ಸಿಕ್ಸ್ ಸಿಲಿಂಡರ್‌ನ ಹಳೇ ಕೂಪೆ ತಗೊಂಡಿದ್ದೆ, ಸರ್ವಿಸ್ ಬುಕ್‌ನಲ್ಲಿ ಮೂರು ವರ್ಷದ ಎಂಟ್ರಿ ಇರ್ಲಿಲ್ಲ, ಮಾರಿದವರು ಬೇರೆ ಕಡೆ ಮಾಡಿಸಿದ್ವಿ ಅಂದ್ರು. ಮೊದಲ ಬೇಸಿಗೆಯಲ್ಲೇ ವಾಟರ್ ಪಂಪ್, ಥರ್ಮೋಸ್ಟಾಟ್, ಕೂಲೆಂಟ್ ಟ್ಯಾಂಕ್ ಒಂದಾದ ಮೇಲೊಂದು ಹೋದವು, ಗೇಜ್ ಮುಳ್ಳು ಮೇಲೆ ಹೋಗೋದನ್ನ ನೋಡ್ತಾ ಎಂಜಿನ್ ಆಫ್ ಮಾಡಿ ರಸ್ತೆ ಬದಿಯಲ್ಲಿ ನಿಂತ ಆ ಸಂಜೆ ನನಗೆ ಇವತ್ತಿಗೂ ನೆನಪಿದೆ. ನಾಲ್ಕು ತಿಂಗಳು ಕಾರು ಮನೆಯಲ್ಲಿದ್ದಿದ್ದಕ್ಕಿಂತ ವರ್ಕ್‌ಶಾಪ್‌ನಲ್ಲಿದ್ದಿದ್ದೇ ಹೆಚ್ಚು. ಆಗ ನನ್ನ ಹತ್ರ ಓಡಾಡೋಕೆ ಇನ್ನೊಂದು ಕಾರಿತ್ತು. ನಿಮಗಿಲ್ಲ, ನನಗೆ ಚಿಂತೆ ಆಗೋದು ಅಲ್ಲೇ.

ಜಿಆರ್86ನ ಹೊಗಳ್ತಾ ಕೂರೋದೂ ನ್ಯಾಯ ಅಲ್ಲ. ಟ್ರ್ಯಾಕ್‌ನಲ್ಲಿ ಉದ್ದದ ವೇಗದ ತಿರುವುಗಳಲ್ಲಿ ಆಯಿಲ್ ಪ್ರೆಶರ್ ಬೀಳುತ್ತೆ ಅನ್ನೋದು ಓನರ್‌ಗಳ ನಡುವೆ ಚೆನ್ನಾಗಿ ಗೊತ್ತಿರೋ ವಿಷಯ, ಅದಕ್ಕೆ ಟ್ರ್ಯಾಕ್‌ಗೆ ಹೋಗೋ ದಿನ ಆಯಿಲ್ ಮೇಲಿನ ಗೆರೆವರೆಗೆ ಇರ್ಲಿ, ಪ್ರೆಶರ್ ಗೇಜ್ ಹಾಕಿಸ್ಕೊಳ್ಳಿ. ಕಂಪನಿ ಪ್ಯಾಡ್ ಮತ್ತು ಫ್ಲೂಯಿಡ್ ಕೆಲವೇ ಲ್ಯಾಪ್‌ಗೆ ಸುಸ್ತಾಗ್ತವೆ, ಗಟ್ಟಿ ಪ್ಯಾಡು, ಹೊಸ ಬ್ರೇಕ್ ಫ್ಲೂಯಿಡ್ ಮೊದಲ ದಿನಕ್ಕೇ ಬೇಕು. ಇನ್ನೊಂದು, ಹೊಸ ಕಾರಿನ ಬೆಲೆ ಮೊದಲ ಕೆಲವು ವರ್ಷದಲ್ಲೇ ಜೋರಾಗಿ ಇಳಿಯುತ್ತೆ, ಎಂ3 ಇಳಿಯೋದೆಲ್ಲಾ ಆಗಲೇ ಇಳಿದಿದೆ, ಒಳ್ಳೇ ದಾಖಲೆ ಇರೋ ಕಾರಾದ್ರೆ ಹಾಕಿದ ದುಡ್ಡಲ್ಲಿ ದೊಡ್ಡ ಪಾಲು ವಾಪಸ್ ಬರಬಹುದು. ಆದ್ರೆ ಆ ದುಡ್ಡು ಬರೋದು ಮಾರಿದ ದಿನ, ಬಿಲ್ ಬರೋದು ಪ್ರತಿ ತಿಂಗಳು. ಎರಡಕ್ಕೂ ಒಂದೇ ಜೇಬು ಅಂತ ಅಂದ್ಕೋಬೇಡಿ.

ಒಂದು ಕೆಲ್ಸ ಮಾಡಿ. ಟೋಕನ್ ಕೊಡೋ ಮುಂಚೆ, ಎರಡೂ ಕಾರಿಗೆ ನೀವು ನಿಜವಾಗ್ಲೂ ಹೋಗೋ ವರ್ಕ್‌ಶಾಪಿಗೆ ಫೋನ್ ಮಾಡಿ ನಾಲ್ಕೇ ರೇಟ್ ಕೇಳಿ: ನಾಲ್ಕು ಟೈರ್, ಮುಂದಿನ ಡಿಸ್ಕ್ ಪ್ಯಾಡ್ ಎರಡೂ ಸೇರಿ, ಕ್ಲಚ್, ಆಮೇಲೆ ಆ ಮಾಡೆಲ್‌ನ ಹೆಸರಾದ ಕಾಯಿಲೆಯ ರಿಪೇರಿ. ನಾಲ್ಕನ್ನೂ ಕೂಡಿಸಿ. ಕಾರ್ ತಗೊಂಡ ಮಾರನೇ ದಿನ ಅಷ್ಟು ದುಡ್ಡು ಬ್ಯಾಂಕಲ್ಲಿ ಬೇರೆಯಾಗಿ ಉಳಿಯುತ್ತಾ ನೋಡಿ. ಉಳಿಯಲ್ಲ ಅಂದ್ರೆ ಆ ಕಾರು ನಿಮ್ಮ ಬಜೆಟ್‌ನಲ್ಲಿಲ್ಲ, ಬೋರ್ಡ್ ಮೇಲೆ ಎಷ್ಟೇ ಬರೆದಿರ್ಲಿ. ಇನ್ಶೂರೆನ್ಸ್ ಕೋಟ್‌ನೂ ಆಗಲೇ ತಗೊಳ್ಳಿ, ಬಹಳ ಪಾಲಿಸಿಗಳಲ್ಲಿ ಟ್ರ್ಯಾಕ್ ಮೇಲಿನ ಡ್ಯಾಮೇಜ್ ಕವರ್ ಆಗಲ್ಲ, ಆ ಸಾಲನ್ನ ಓದಿ.

ನೀವು ಬರೆದಿರೋ ಬದುಕಿಗೆ, ಒಂದೇ ಕಾರು, ದಿನದ ಓಡಾಟ, ಟ್ರ್ಯಾಕ್ ಆಸೆ, ನಾನು ಜಿಆರ್86 ಅಂತೀನಿ, ಅನುಮಾನವೇ ಇಲ್ಲ. ಎಂ3ಲಿ ವರ್ಷಕ್ಕೆ ನಾಲ್ಕೈದು ಸಲ ಅಂತ ಶುರು ಮಾಡಿ ಟೈರ್ ನೋಡ್ಕೊಂಡು ಒಂದೆರಡಕ್ಕೆ ಇಳಿಸ್ತೀರಿ, ಜಿಆರ್86ಲಿ ನಾಲ್ಕೈದೂ ಹೋಗ್ತೀರಿ, ಡ್ರೈವಿಂಗ್ ಸುಧಾರಿಸೋದು ಹಾಗೆ. ಓಡಾಟಕ್ಕೆ ಇನ್ನೊಂದು ಕಾರು ಇದ್ದು, ವರ್ಷಕ್ಕೆ 4-5 ಸಾವಿರ ಕಿಮೀ ಓಡಿಸೋರಾಗಿದ್ರೆ, ಸ್ಪ್ಯಾನರ್ ಹಿಡಿಯೋ ಅಭ್ಯಾಸ ಇದ್ದಿದ್ರೆ, ಬೇರಿಂಗ್ ಬಿಲ್ ಇರೋ ಎಂ3 ತಗೊಳ್ಳಿ ಅಂತ ನಾನೇ ಹೇಳ್ತಿದ್ದೆ.

ಪ್ರಶ್ನೆ: ಆಲ್ ವೀಲ್ ಡ್ರೈವ್ ಇರೋ ಕೂಪೆ ನೋಡ್ತಿದೀನಿ, ಮಳೆಗಾಲಕ್ಕೆ ಒಳ್ಳೇದು ಅಂತ. ಖರ್ಚು ಜಾಸ್ತಿನಾ?

ಉತ್ತರ: ಮಳೆಯಲ್ಲಿ ಹೊರಡೋವಾಗ ಹಿಡಿತ ಚೆನ್ನಾಗಿರುತ್ತೆ, ನಿಲ್ಲಿಸೋವಾಗ ಏನೂ ಉಪಯೋಗ ಇಲ್ಲ, ಅಲ್ಲಿ ಟೈರೇ ಎಲ್ಲಾ. ಖರ್ಚು ಜಾಸ್ತಿನೇ, ಚಕ್ರಗಳಿಗೆ ಶಕ್ತಿ ಹಂಚೋ ಡಿಫರೆನ್ಷಿಯಲ್ ಒಂದು ಹೆಚ್ಚು, ಬದಲಾಯಿಸೋ ಆಯಿಲ್ ಹೆಚ್ಚು, ತೂಕ ಹೆಚ್ಚು. ಜನ ಮರೆಯೋದು ಏನಂದ್ರೆ ನಾಲ್ಕೂ ಟೈರಿನ ಸವೆತ ಹತ್ತಿರ ಹತ್ತಿರ ಇರ್ಬೇಕು, ಇಲ್ಲಾಂದ್ರೆ ಚಕ್ರಗಳು ಬೇರೆ ಬೇರೆ ಲೆಕ್ಕದಲ್ಲಿ ತಿರುಗಿ ಸೆಂಟರ್ ಡಿಫರೆನ್ಷಿಯಲ್ ಅಥವಾ ಕ್ಲಚ್ ಪ್ಯಾಕ್ ಮೇಲೆ ಭಾರ ಬೀಳುತ್ತೆ. ಅರ್ಧ ಸವೆದ ಸೆಟ್‌ನಲ್ಲಿ ಒಂದರ ಸೈಡ್‌ವಾಲ್ ಹರಿದ್ರೆ ಎಷ್ಟೋ ಸಲ ನಾಲ್ಕನ್ನೂ ತಗೋಬೇಕಾಗುತ್ತೆ.

ಪ್ರಶ್ನೆ: ಮಾಜ್ಡಾ ಆರ್‌ಎಕ್ಸ್-8 ತುಂಬಾ ಕಮ್ಮಿ ಬೆಲೆಗೆ ಸಿಗ್ತಿದೆ. ಬಿಡೋದಾ?

ಉತ್ತರ: ಬಿಡ್ಬೇಡಿ ಅಂತಲೂ ಹೇಳಲ್ಲ, ಬಿಡಿ ಅಂತಲೂ ಹೇಳಲ್ಲ, ಕಂಪ್ರೆಷನ್ (ಎಂಜಿನ್ ಒಳಗೆ ಹುಟ್ಟೋ ಒತ್ತಡ) ನೋಡದೆ ಮುಟ್ಬೇಡಿ. 1.3 ಲೀಟರ್ ರೋಟರಿ ಅದು, ಪಿಸ್ಟನ್ ಬದ್ಲು ಮೂರು ಮುಖದ ರೋಟರ್ ತಿರುಗೋ ಎಂಜಿನ್, ಸೀಲ್‌ಗಳಿಗೆ ಜಿಡ್ಡು ಸಿಗ್ಲಿ ಅಂತ ಆಯಿಲ್‌ನ ಬೇಕಂತಲೇ ಸುಡೋ ಹಾಗೆ ಮಾಡಿದಾರೆ, ಪೆಟ್ರೋಲ್ ಹಾಕ್ಸೋವಾಗೆಲ್ಲಾ ಡಿಪ್‌ಸ್ಟಿಕ್ ನೋಡೋ ಅಭ್ಯಾಸ ಇರ್ಬೇಕು. ಹಿಂದಿನ ಓನರ್ ಆ ಅಭ್ಯಾಸ ಇಟ್ಕೊಂಡಿಲ್ಲಾಂದ್ರೆ ನೀವು ಕಮ್ಮಿ ಬೆಲೆಗೆ ತಗೊಳ್ತಿರೋದು ಎಂಜಿನ್ ಬಿಚ್ಚಬೇಕಾದ ಕಾರು. ಟೆಸ್ಟ್‌ಗೆ ರೋಟರಿಗೆ ಅಂತಲೇ ಇರೋ ಮೀಟರ್ ಬೇಕು, ಎರಡು ರೋಟರ್, ಒಂದೊಂದಕ್ಕೆ ಮೂರು ಮುಖ, ಆರು ರೀಡಿಂಗ್‌ನೂ ಬರೆಸ್ಕೊಳ್ಳಿ. ಮಾಮೂಲಿ ಮೀಟರ್ ಒಂದು ರೋಟರ್‌ಗೆ ಒಂದೇ ನಂಬರ್ ತೋರ್ಸುತ್ತೆ, ಅದ್ರಲ್ಲಿ ಕೆಟ್ಟ ಮುಖ ಅಡಗಿರುತ್ತೆ. ಆಮೇಲೆ ಕಾರನ್ನ ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಬಿಸಿಯಲ್ಲೇ ಸ್ಟಾರ್ಟ್ ಮಾಡಿ ನೋಡಿ. ಸ್ಟಾರ್ಟ್ ಆಗದೆ ಬಹಳ ಹೊತ್ತು ಕ್ರ್ಯಾಂಕ್ ಆಗ್ತಾ ಇದ್ರೆ ಕೀ ವಾಪಸ್ ಕೊಟ್ಟು ಬನ್ನಿ.