ಪುದುಚೇರಿಯ ಹಳೆಯ ಪೇಟೆ ಯಾರು ಕಟ್ಟಿದ್ದು? – ಸಂಪಾದಕರ ಉತ್ತರ

ಮಾನ್ಯರೇ,

ಕೋಲಾರದಿಂದ ತಾವು ಬರೆದ ಪತ್ರ ತಲುಪಿದೆ. ಕಳೆದ ಸಂಚಿಕೆಯ ಪ್ರವಾಸ ಲೇಖನದಲ್ಲಿ ಪುದುಚೇರಿಯನ್ನು ‘ಫ್ರೆಂಚರು ಕಟ್ಟಿದ ಊರು’ ಎಂದು ಕರೆದಿದ್ದಕ್ಕೆ ತಾವು ಆಕ್ಷೇಪಿಸಿದ್ದೀರಿ. ಊರನ್ನು ಕಡಲ ಬದಿಯ ಬಿಳಿಯರ ಪೇಟೆ, ಪಶ್ಚಿಮದ ತಮಿಳರ ಪೇಟೆ ಎಂದು ಇಬ್ಭಾಗ ಮಾಡುವ ಕಾಲುವೆಯ ಆಚೆಗಿನ ತಮಿಳರ ಬೀದಿಗಳಲ್ಲಿ ಮುಳಬಾಗಿಲಿನ ತಮ್ಮ ಅಜ್ಜಿಯ ಮನೆಯದೇ ಜಗಲಿ, ಅದೇ ತೊಟ್ಟಿ ಕಂಡಿತೆಂದೂ, ಹಾಗಾದರೆ ಆ ಊರಿನಲ್ಲಿ ಫ್ರೆಂಚರ ಪಾಲು ಎಷ್ಟೆಂದೂ ಕೇಳಿದ್ದೀರಿ. ಆಕ್ಷೇಪ ಸರಿಯಾಗಿದೆ. ಆ ವಾಕ್ಯವನ್ನು ಅಚ್ಚಿಗೆ ಬಿಟ್ಟವನು ನಾನು, ತಪ್ಪು ನನ್ನದೇ.

ಎಲ್ಲರೂ ಫ್ರೆಂಚರದೆಂದು ಮೆಚ್ಚುವ ನೇರ ಬೀದಿಗಳಿಂದಲೇ ಆರಂಭಿಸುತ್ತೇನೆ. 1674ರಲ್ಲಿ ಫ್ರೆಂಚ್ ಕಂಪನಿಯ ಫ್ರಾಂಸ್ವಾ ಮಾರ್ಟಿನ್ ಅಲ್ಲಿ ನೆಲೆಯೂರಿದ್ದು ನಿಜ. ಆದರೆ 1693ರಲ್ಲಿ ಡಚ್ಚರು ಊರನ್ನು ವಶಪಡಿಸಿಕೊಂಡು 1699ರವರೆಗೆ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಚದುರಂಗದ ಮಣೆಯಂತೆ ಒಂದನ್ನೊಂದು ಅಡ್ಡ ಹಾಯುವ ಬೀದಿಗಳ ನಕ್ಷೆ ಬರೆದವರು ಅವರು. ಮರಳಿ ಬಂದ ಫ್ರೆಂಚರು ಅದನ್ನೇ ಮುಂದುವರಿಸಿದರು.

ಇನ್ನು ಕಟ್ಟಡಗಳು. 1761ರ ಜನವರಿಯಲ್ಲಿ ಮುತ್ತಿಗೆ ತಾಳಲಾರದೆ ಫ್ರೆಂಚ್ ಸೇನಾಪತಿ ಲಾಲಿ ಶರಣಾದ ಮೇಲೆ ಬ್ರಿಟಿಷರು ಕೋಟೆಯನ್ನೂ ಬಿಳಿಯರ ಪೇಟೆಯನ್ನೂ ನೆಲಸಮ ಮಾಡಿದರು. 1763ರ ಒಪ್ಪಂದದಂತೆ ಊರು ಫ್ರೆಂಚರಿಗೆ ಮರಳಿತು, ಅವರ ಗವರ್ನರ್ ಜೀನ್ ಲಾ ಅದನ್ನು ಮತ್ತೆ ಕಟ್ಟಿಸಿದ. ಹಾಗಾಗಿ ಕಡಲ ಬದಿಯ ಬೀದಿಗಳಲ್ಲಿ ಇಂದು ನಾವು ನೋಡುವ ಮನೆಗಳು ಆ ನಾಶದ ನಂತರದವು. ಅದಕ್ಕೂ ಹಳೆಯ ಮನೆ ನೋಡಬೇಕಾದರೆ ಕಾಲುವೆ ದಾಟಿ ತಮಿಳರ ಭಾಗಕ್ಕೇ ಹೋಗಬೇಕು: ಫ್ರೆಂಚ್ ಗವರ್ನರ್ ದೂಪ್ಲೆಯ ದುಭಾಷಿಯಾಗಿದ್ದ, 1736ರಿಂದ ತಮಿಳಿನಲ್ಲಿ ದಿನಚರಿ ಬರೆದಿಟ್ಟ ಆನಂದರಂಗ ಪಿಳ್ಳೆಯವರು 1738ರಲ್ಲಿ ಕಟ್ಟಿಸಿದ ಮನೆ ಅಲ್ಲಿ ಈಗಲೂ ನಿಂತಿದೆ. ಅದರ ಕೆಳಗಿನ ಅಂತಸ್ತಿನಲ್ಲಿ ಮರದ ಕಂಬಗಳ ತಮಿಳು ತೊಟ್ಟಿ, ಮೇಲಂತಸ್ತಿನಲ್ಲಿ ಗಾರೆಯ ದುಂಡು ಕಂಬಗಳ ಫ್ರೆಂಚ್ ಕೈಸಾಲೆ.

ತಾವು ಗಮನಿಸಿದ ಜಗಲಿಯೇ ಆ ಪೇಟೆಯ ಎರಡು ಭಾಗಗಳ ಸ್ವಭಾವವನ್ನು ಹೇಳುತ್ತದೆ. ಬಿಳಿಯರ ಮನೆ ಬೀದಿಗೆ ಎತ್ತರದ ಗೋಡೆಯನ್ನೂ ಮುಚ್ಚಿದ ಗೇಟನ್ನೂ ತೋರಿಸಿ, ತೋಟವನ್ನೂ ನೆರಳನ್ನೂ ಒಳಗಿಟ್ಟುಕೊಳ್ಳುತ್ತದೆ. ತಮಿಳರ ಮನೆಯ ‘ತಿಣ್ಣೈ’ ಬಾಗಿಲಿನ ಇಕ್ಕೆಲದ ಕಟ್ಟೆಯಾದರೆ, ಅದರ ಮುಂದೆ ಮರದ ಕಂಬಗಳ ಮೇಲೆ ಚಾಚಿರುವ ‘ತಾಳ್ವಾರಂ’ ಹೆಂಚಿನ ಮಾಡು ದಾರಿಹೋಕನಿಗೂ ನೆರಳಾಗುತ್ತದೆ. ಸಾಲುಮನೆಗಳ ಮಾಡುಗಳು ಒಂದಕ್ಕೊಂದು ಕೂಡಿಕೊಂಡಾಗ ಇಡೀ ಬೀದಿಯೇ ಒಂದು ಪಡಸಾಲೆಯಾಗುತ್ತದೆ. ಈ ನೆರಳು ಎಲ್ಲರಿಗೂ ಸಮನಾಗಿತ್ತೆಂದು ನಾನು ಹೇಳಲಾರೆ: ಬೀದಿಗಳು ಜಾತಿ, ಕಸುಬುಗಳ ಪ್ರಕಾರ ಹಂಚಿಹೋಗಿದ್ದವು. ಆದರೂ ಎರಡೂ ಬದಿಯ ಮನೆಗಳನ್ನು ನಿಲ್ಲಿಸಿದ್ದು ಅದೇ ಇಟ್ಟಿಗೆ, ಅದೇ ಸುಣ್ಣದ ಗಾರೆ.

ಇಂದು ಹೆಚ್ಚು ಅಪಾಯದಲ್ಲಿರುವುದು ಜಗಲಿಯ ಬದಿಯೇ. ಗೋಡೆಯೊಳಗಿನ ತೋಟದ ಮನೆಯನ್ನು ಹೋಟೆಲು ಮಾಡುವುದು ಸುಲಭ. ಅಣ್ಣತಮ್ಮಂದಿರ ಪಾಲಿನಲ್ಲಿ ಹರಿದು ಹಂಚಿಹೋದ ತೊಟ್ಟಿಮನೆಯ ಜಾಗದಲ್ಲಿ ಅಂಗಡಿ, ವಸತಿ ಸಂಕೀರ್ಣ ಏಳುವುದು ಇನ್ನೂ ಸುಲಭ. ಹಳೆಯ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯವರು ಮನೆಯೊಡೆಯರನ್ನು ಒಪ್ಪಿಸಿ, ವೈಶ್ಯಾಳ್ ಬೀದಿಯ ಮನೆಮುಂಗಟ್ಟುಗಳನ್ನು ಸಾಲಾಗಿ ದುರಸ್ತಿ ಮಾಡಿಸಿದ ಕೆಲಸಕ್ಕೆ 2008ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. ಒಂದೊಂದೇ ಮನೆಯನ್ನು ಉಳಿಸುವುದಕ್ಕಿಂತ ಬೀದಿಯನ್ನೇ ಉಳಿಸಬೇಕೆಂಬ ಈ ದಾರಿಯೇ ಸರಿಯೆಂದು ನನ್ನ ನಂಬಿಕೆ. ಸರ್ಕಾರಿ ಕಟ್ಟಡವೆಂಬ ರಕ್ಷೆಯೂ ಸಾಲದೆ, 1870ರ ದಶಕದ ಪುರಭವನ 2014ರ ನವೆಂಬರಿನ ಮಳೆಗೆ ಕುಸಿದುಬಿದ್ದಿತು. ಆಮೇಲೆ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕಾಯಿತು.

ಮುಂದಿನ ಸಂಚಿಕೆಯಲ್ಲಿ ನಮ್ಮ ವಾಕ್ಯವನ್ನು ‘ಡಚ್ಚರು ಗೆರೆ ಎಳೆದ, ತಮಿಳರೂ ಫ್ರೆಂಚರೂ ಕಟ್ಟಿದ ಊರು’ ಎಂದು ತಿದ್ದಿ ಪ್ರಕಟಿಸುತ್ತೇವೆ. ಮುಳಬಾಗಿಲಿನ ಆ ಮನೆ ಇನ್ನೂ ಇದ್ದರೆ, ಜಗಲಿ ಕಾಣುವಂತೆ ಒಂದು ಚಿತ್ರ ತೆಗೆದು ಕಳಿಸಿಕೊಡಿ. ತಿದ್ದುಪಡಿಯ ಪಕ್ಕದಲ್ಲಿ ಅದನ್ನೇ ಹಾಕುತ್ತೇವೆ.

– ಸಂಪಾದಕ